ಹದಿನಾರು ಕಳಿಯ ಲಂಗ

ನಮ್ಮ ಕಲಬುರಗಿ ಸೀಮೆಯಲ್ಲಿ ಹೆಣ್ಣುಮಗಳು ಮೈನೆರೆದಾಗ ಆಕೆಗೆ ತೊಡಿಸುವ ಹೊಸ ಬಟ್ಟೆ ತಾಯಿಯ ತವರಿನಿಂದ, ಅದರಲ್ಲೂ ಸೋದರಮಾವನ ಕೈಯಿಂದ ಬರಬೇಕು ಎಂಬುದು ಯಾರೂ ಬರೆದಿಡದ, ಆದರೆ ಯಾರೂ ತಪ್ಪಿಸದ ಕಟ್ಟಳೆ. ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ; ಅಕ್ಕನಿಗೆ ನಾನೊಬ್ಬನೇ ತಮ್ಮ; ಇನ್ನೂ ಮದುವೆಯಾಗಿಲ್ಲ. 2024ರ ಡಿಸೆಂಬರಿನಲ್ಲಿ ಅಕ್ಕ ಫೋನ್ ಮಾಡಿ, “ತಮ್ಮಾ, ಪೋರಿ ದೊಡ್ಡಾಕಿ ಆಗ್ಯಾಳ, ಅವ್ವಗ ಹೇಳು” ಎಂದಳು. ಅವ್ವನಿಗೆ ಹೇಳಿದ ಮರುಗಳಿಗೆಯೇ ಬಟ್ಟೆಯ ಹೊಣೆ ನನ್ನ ಹೆಗಲಿಗೆ ಬಂತು. ಮುಂದಿನ ಮೇ ತಿಂಗಳ ಸಮಾರಂಭಕ್ಕೆ ಆ ಬಟ್ಟೆ ಹೇಗೆ ತಯಾರಾಯಿತು, ಅದರ ನೆಪದಲ್ಲಿ ಮನೆಯೊಳಗೆ ಏನೇನು ತೀರ್ಮಾನಗಳಾದವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇಂಥ ಹೊಣೆ ಹೊತ್ತ ಬೇರೆ ಮಾವಂದಿರಿಗೆ, ಮುಖ್ಯವಾಗಿ ಹೊಲಿಗೆಯ ಓನಾಮವೂ ಗೊತ್ತಿಲ್ಲದವರಿಗೆ, ಉಪಯೋಗವಾದೀತು.

ಮೊದಲು ಬಗೆಹರಿಯಬೇಕಾಗಿದ್ದು ಬಟ್ಟೆಯಲ್ಲ, ಮೂಲೆ. ನಮ್ಮದು ಲಿಂಗಾಯತ ಮನೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ 12ನೇ ಶತಮಾನದಲ್ಲೇ ಶರಣರು ನಿರಾಕರಿಸಿದರು. ಅವರು ಬದುಕಿ ಬಾಳಿದ ಕಲ್ಯಾಣ ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ. ಹಾಗಿದ್ದೂ ನನ್ನ ಅಕ್ಕ ದೊಡ್ಡವಳಾದಾಗ ಆಕೆಯನ್ನು ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿ, ತಟ್ಟೆ ಲೋಟ ಬೇರೆ ಇಟ್ಟು ಕೂಡಿಸಿದ್ದರು. ಶರಣರ ಮಾತನ್ನು ಗೋಡೆಗೆ ಬರೆಸುವ ನಾವು ಅದೇ ಗೋಡೆಯ ಬುಡದಲ್ಲಿ ಹುಡುಗಿಯನ್ನು ಕೂಡಿಸುವುದು ನನಗೆ ಯಾವತ್ತೂ ಒಗ್ಗಿಲ್ಲ. ಈ ಸಲ ಅಕ್ಕನೇ ಖಡಾಖಂಡಿತವಾಗಿ ಬೇಡವೆಂದಳು. ಅವ್ವ ಸ್ವಲ್ಪ ಹೊತ್ತು ಗೊಣಗಿ, ಮೂಲೆಯನ್ನು ಬಿಟ್ಟುಕೊಟ್ಟು, ತಿನಿಸನ್ನು ಉಳಿಸಿಕೊಂಡರು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ಉತ್ತತ್ತಿ, ತುಪ್ಪ ಹಾಕಿದ ಅನ್ನ, ಸಂಜೆ ಓಣಿಯ ಮುತ್ತೈದೆಯರಿಂದ ಆರತಿ ಎಲ್ಲವೂ ಆದವು. ಹುಡುಗಿ ಎಂದಿನ ಮಂಚದಲ್ಲೇ ಮಲಗಿದಳು, ಮುಂದಿನ ವಾರದ ಪರೀಕ್ಷೆಗೆ ಹೋಗಿ ಬಂದಳು. ತರಗತಿಯಲ್ಲಿ ಹಾಜರಿ ಕೂಗುವವನಾಗಿ ಈ ಎರಡನೆಯ ಸಂಗತಿ ನನಗೆ ಬಹಳ ದೊಡ್ಡದು. ಏಳನೆಯ, ಎಂಟನೆಯ ತರಗತಿಯಲ್ಲಿ ಒಂದು ವಾರವೆಂದು ಮನೆಯಲ್ಲಿ ಉಳಿದ ಕೆಲವು ಹೆಣ್ಣುಮಕ್ಕಳು ಮತ್ತೆ ಬೆಂಚಿಗೆ ಮರಳದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೊಡ್ಡ ಸಮಾರಂಭವನ್ನು ಬೇಸಿಗೆ ರಜೆಗೆ ಮುಂದೂಡಲಾಯಿತು. ಭಾವನ ಕಡೆಯವರು ಸೇಡಂ ಭಾಗದವರು. ತೆಲುಗು ಸೀಮೆಯ ಗಾಳಿ ಹೆಚ್ಚು. ಅಲ್ಲಿ ಹಾಫ್ ಸಾರಿ ಫಂಕ್ಷನ್, ಅಂದರೆ ಮೈನೆರೆದ ಹುಡುಗಿಗೆ ಲಂಗ-ದಾವಣಿ ತೊಡಿಸುವ ಸಮಾರಂಭ, ಈಗ ಸಣ್ಣ ಮದುವೆಯೇ ಸರಿ. ಫಂಕ್ಷನ್ ಹಾಲು, ಹಿಂದೆ ಹೂವಿನ ಗೋಡೆಯಿರುವ ವೇದಿಕೆ, ನಾಲ್ವರು ಹಿಡಿದ ಹೂವಿನ ಚಾದರದ ಕೆಳಗೆ ಹುಡುಗಿಯ ಪ್ರವೇಶ, ಮೇಲೆ ಹಾರಾಡುವ ಡ್ರೋನು, ಬಾಗಿಲಲ್ಲಿ ಆಕೆಯ ಆಳೆತ್ತರದ ಫ್ಲೆಕ್ಸು. ಭಾವನ ಅಣ್ಣಂದಿರು ಹಾಲಿನ ಮುಂಗಡಕ್ಕೆ ವಿಚಾರಿಸುತ್ತಿರುವಾಗ ಅಕ್ಕನ ಮಗಳು ತನ್ನದೇ ಒಂದು ಬೇಡಿಕೆ ಮುಂದಿಟ್ಟಳು.

ಆಕೆ ಅಕ್ಕನ ಫೋನಿನಲ್ಲಿ ಮೆಕ್ಸಿಕೋ ದೇಶದ ಹುಡುಗಿಯರ ವಿಡಿಯೊಗಳನ್ನು ನೋಡಿದ್ದಳು. ಮೆಕ್ಸಿಕೋದಲ್ಲಿ, ಲ್ಯಾಟಿನ್ ಅಮೆರಿಕದ ಇನ್ನೂ ಹಲವು ದೇಶಗಳಲ್ಲಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಮನೆಗಳಲ್ಲಿ, ಹುಡುಗಿಗೆ 15 ತುಂಬಿದಾಗ ಕಿನ್ಸೆಅನ್ಯೇರಾ ಎಂಬ ಉತ್ಸವ ಮಾಡುತ್ತಾರೆ. ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ದೊಡ್ಡ ಔತಣ. ಹುಡುಗಿಯ ಜೊತೆಗೆ 14 ಜೋಡಿ ಗೆಳೆಯ ಗೆಳತಿಯರ ಪರಿವಾರ ನಿಲ್ಲುವುದೂ ಉಂಟು. ತಂದೆ ಮಗಳ ಕಾಲಿನ ಚಪ್ಪಟೆ ಚಪ್ಪಲಿ ಬಿಚ್ಚಿ ಹಿಮ್ಮಡಿ ಎತ್ತರದ ಪಾದರಕ್ಷೆ ತೊಡಿಸುತ್ತಾನೆ, ಆಮೇಲೆ ಅಪ್ಪ ಮಗಳು ವಾಲ್ಟ್ಜ್ ಕುಣಿಯುತ್ತಾರೆ, ಕೊನೆಯ ಗೊಂಬೆ ಎಂದು ಒಂದು ಬೊಂಬೆಯನ್ನೂ ಕೊಡುತ್ತಾರೆ. ಇದೆಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಗೌನು: ಸೊಂಟದವರೆಗೆ ಬಿಗಿ, ಸೊಂಟದಿಂದ ಕೆಳಗೆ ಬಳೆಬಳೆಯಾದ ಒಳಲಂಗದ ಮೇಲೆ ಉಬ್ಬಿ ನಿಂತ ಘೇರು (ಲಂಗದ ಸುತ್ತಗಲ), ಇಬ್ಬರು ಪಕ್ಕದಲ್ಲಿ ನಿಲ್ಲಲಾರದಷ್ಟು ಅಗಲ, ತಲೆಗೆ ಕಿರೀಟ. “ಮಾಮಾ, ನಂಗ ಅಂಥಾದ ಬೇಕು” ಎಂದಳು. ನಾನು ಬೆಲೆ, ಬೇಸಿಗೆ ಎಂದು ಏನೇನೋ ಹೇಳುತ್ತಿದ್ದೆ. ಆಕೆ ನಡುವೆಯೇ ತಡೆದು, “ಅಲ್ಲಿ ವಯಸ್ಸು ತುಂಬ್ಯದ ಅಂತ ಮಾಡ್ತಾರ. ನಂಗ ಏನಾಗ್ಯದ ಅಂತ ಊರಿಗೆಲ್ಲ ಯಾಕ ಹೇಳಬೇಕು?” ಎಂದಳು.

ಆ ಪ್ರಶ್ನೆಗೆ ಮನೆಯ ಹಿರಿಯರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹಳೆಯ ಕಾಲದಲ್ಲಿ ಅದನ್ನು ಸಾರುವುದಕ್ಕೆ ಒಂದು ಉದ್ದೇಶವಿತ್ತು, ಅದು ಎಲ್ಲರಿಗೂ ಗೊತ್ತು: ಈ ಮನೆಯಲ್ಲಿ ಮದುವೆಗೆ ಹೆಣ್ಣು ಸಿದ್ಧವಾಗಿದೆ ಎಂದು ಬೀಗರಿಗೆ ಸುದ್ದಿ ಮುಟ್ಟಿಸುವುದು. ಆ ಉದ್ದೇಶವನ್ನು ನಾವು ಒಪ್ಪುವುದಿಲ್ಲ ಎಂದಾದರೆ ಸಾರುವುದನ್ನು ಮಾತ್ರ ಯಾಕೆ ಉಳಿಸಿಕೊಳ್ಳಬೇಕು? ಹುಡುಗಿ ಹಬ್ಬವನ್ನು ಬೇಡವೆನ್ನಲಿಲ್ಲ, ಬಟ್ಟೆಯನ್ನಂತೂ ಬೇಡವೆನ್ನಲೇ ಇಲ್ಲ. ಫ್ಲೆಕ್ಸಿನ ಮೇಲಿನ ಒಕ್ಕಣೆಯನ್ನು ಬೇಡವೆಂದಳು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುಳು ಅಷ್ಟೇ, ಮುಂದಿನ ಕೆಲಸವೆಲ್ಲ ಅದನ್ನು ಹಿಡಿದೇ ನಡೆಯಿತು.

ಅದೃಷ್ಟಕ್ಕೆ ಆಕೆಯ ಹುಟ್ಟಿದ ದಿನ ಮೇ ತಿಂಗಳಲ್ಲಿಯೇ ಬರುತ್ತದೆ. 13 ತುಂಬುವ ದಿನಕ್ಕೇ ಲಂಗ-ದಾವಣಿ ತೊಡಿಸಿ ಉಡಿ ತುಂಬೋಣ ಎಂದು ನಾನು ಸೂಚಿಸಿದೆ. ಆಂಧ್ರ, ತೆಲಂಗಾಣದ ಮನೆಗಳಲ್ಲಿ ಈಗ ಅನೇಕರು ಮೈನೆರೆದ ದಿನಕ್ಕೆ ಅಂಟಿಕೊಳ್ಳದೆ, ಅನುಕೂಲದ ದಿನ ನೋಡಿ ಹಾಫ್ ಸಾರಿ ಮಾಡುವುದು ರೂಢಿಯಾಗಿರುವುದರಿಂದ ಭಾವನ ಕಡೆಯವರಿಗೂ ಇದು ವಿಚಿತ್ರವೆನಿಸಲಿಲ್ಲ. ಅವ್ವ ಬೆರಳೆಣಿಸಿ, 13 ಬೆಸ ಸಂಖ್ಯೆ ಎಂದು ಸಮಾಧಾನಪಟ್ಟರು. ಫಿಲಿಪ್ಪೀನ್ಸ್‌ನಲ್ಲಿ ಹುಡುಗಿಗೆ 18 ತುಂಬಿದಾಗ 18 ಗುಲಾಬಿ, 18 ಮೇಣದಬತ್ತಿಗಳೊಂದಿಗೆ ಇಂಥದೇ ಹಬ್ಬ ಮಾಡುತ್ತಾರೆಂದು ಮೊಮ್ಮಗಳು ತೋರಿಸಿದಾಗ, ಎಲ್ಲರಿಗಿಂತ ಅವರೇ ಶಾಣ್ಯಾರು ಎಂದು ತೀರ್ಪು ಕೊಟ್ಟವರೂ ಅವ್ವನೇ. ಫಂಕ್ಷನ್ ಹಾಲ್ ರದ್ದಾಗಿ ಅಕ್ಕನ ಮನೆಯ ಮಾಳಿಗೆ ಗೊತ್ತಾಯಿತು.

ಇನ್ನೊಂದು ತೀರ್ಮಾನ ನನ್ನದು. ನಮ್ಮಲ್ಲಿ ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇದನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿದ್ದರೂ ರೂಢಿಯಿದ್ದವರಿಗೆ ವಿನಾಯಿತಿ ಕೊಟ್ಟಿದೆ. ಹೀಗಾಗಿ ಮದುವೆಯಾಗದ ಮಾವ ಆರತಿಯ ಹೊತ್ತಿಗೆ ಬಟ್ಟೆಯ ತಟ್ಟೆ ಹಿಡಿದು ಬಂದರೆ, “ಬಟ್ಟಿ ತಂದಾನ, ತಾಳಿ ಯಾವಾಗ ತರ್ತಾನ?” ಎಂಬ ಹಾಸ್ಯ ಸಿದ್ಧವಾಗಿಯೇ ಇರುತ್ತದೆ. ಕೇಳುವವರಿಗೆ ಅದು ನಗೆಯ ಮಾತು. 13ರ ಮಗುವಿಗೆ ತನ್ನನ್ನು ಎತ್ತಿ ಆಡಿಸಿದ ಮಾಮನ ಮುಖ ನೋಡದಂತೆ ಮಾಡುವ ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ 18 ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದಲ್ಲಿ ಮೂಲದಲ್ಲೇ ಅಸಿಂಧು. ಹಾಸ್ಯಕ್ಕೆ ಮಾತ್ರ ಯಾವ ತಿದ್ದುಪಡಿಯೂ ತಾಗಿಲ್ಲ. ಬಟ್ಟೆಯನ್ನು ನಾನು ಹೊಲಿಸುತ್ತೇನೆ, ಆದರೆ ತಟ್ಟೆಯನ್ನು ಅವ್ವ ಕೊಡಬೇಕು, ಎಂದರೆ ಮೊಮ್ಮಗಳಿಗೆ ಆಯಿಯ ಉಡುಗೊರೆ ಎಂದಾಗಬೇಕು ಎಂದು ಹಟ ಹಿಡಿದೆ. ಅಕ್ಕ ಒಂದೂ ಪ್ರಶ್ನೆ ಕೇಳದೆ ಒಪ್ಪಿದಳು.

ಇನ್ನು ಬಟ್ಟೆ. ಫೆಬ್ರುವರಿಯಲ್ಲಿ ಹುಡುಕಾಟ ಶುರುವಾಯಿತು. ಮೊದಲು ಗೌನಿನ ಆಸೆಯನ್ನು ನೇರವಾಗಿಯೇ ಪರೀಕ್ಷಿಸೋಣವೆಂದು, ಫೋಟೋಶೂಟ್‌ಗೆ ಗೌನು ಬಾಡಿಗೆಗೆ ಕೊಡುವ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದವೆಲ್ಲ ಮದುವೆಗೆ ಮುಂಚಿನ ಚಿತ್ರಗಳಿಗಾಗಿ, ಬಸುರಿಯರ ಚಿತ್ರಗಳಿಗಾಗಿ ಹೊಲಿದವು. ಹಿಂದೆ ಮಾರುದ್ದದ ಬಾಲ, ಮೈಯಳತೆ ದೊಡ್ಡವರದು. ಬೆನ್ನಿಗೆ ಸಾಲಾಗಿ ಕ್ಲಿಪ್ ಸಿಕ್ಕಿಸಿದರೆ ಮುಂದಿನಿಂದ ಚಂದ ಕಾಣುತ್ತದೆ ಎಂದು ಅಂಗಡಿಯವರು ತೋರಿಸಿದರು. ಹುಡುಗಿ ಕೈಯೆತ್ತಿದೊಡನೆ ಕ್ಲಿಪ್ಪುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅದು ಚಿತ್ರ ತೆಗೆಸುವ ಬಟ್ಟೆಯೇ ಹೊರತು ಕೂತು ಉಣ್ಣುವ, ಹತ್ತು ಜನರ ಕಾಲಿಗೆ ಬೀಳುವ ಬಟ್ಟೆಯಲ್ಲ ಎಂಬುದು ನಾನು ಹೇಳದೆ ಆಕೆಗೇ ತಿಳಿಯಿತು.

ಸಿದ್ಧ ಲೆಹಂಗಾಗಳ ಕಥೆ ಬೇರೆ. ನಮ್ಮೂರಿನ ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಎಂಬ ಪೇಟೆಗಳ ಕಡೆಯ ಅಂಗಡಿಗಳಲ್ಲಿ ಅವುಗಳಿಗೆ ಬರವಿಲ್ಲ. ಆದರೆ ಹನ್ನೆರಡು ಹದಿಮೂರರ ವಯಸ್ಸು ಅಂಗಡಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಂದೆಡೆ ಕಾರ್ಟೂನ್ ಬಣ್ಣದ ಮಕ್ಕಳ ಫ್ರಾಕು, ಇನ್ನೊಂದೆಡೆ ಮದುಮಗಳ ಲೆಹಂಗಾ. ನಡುವೆ ಏನೂ ಇಲ್ಲ. ಎರಡನೆಯದನ್ನೇ ಚಿಕ್ಕದಾಗಿಸಿ ಕೊಡುತ್ತಾರೆ: ಬೆನ್ನು ಪೂರ್ತಿ ತೆರೆದ ಕುಪ್ಪಸ, ಎದೆಗೆ ಪ್ಯಾಡು, ಹೊಟ್ಟೆ ಕಾಣುವ ಕತ್ತರಿ, ನಾಲ್ಕೈದು ಕಿಲೋ ತೂಗುವ ಹರಳಿನ ಕೆಲಸ. ಇದನ್ನು ನೋಡಿ ನನಗಾದ ಮುಜುಗರವನ್ನು ಇಲ್ಲಿ ಸ್ಪಷ್ಟವಾಗಿಯೇ ಹೇಳುತ್ತೇನೆ. ಮಗುವನ್ನು ಮದುವೆಗೆ ಕೊಡುವುದಿಲ್ಲ ಎನ್ನುವ ನಾವು ಮದುವಣಗಿತ್ತಿಯ ವೇಷವನ್ನೇ ಅಳತೆ ತಗ್ಗಿಸಿ ಆಕೆಗೆ ತೊಡಿಸಿದರೆ, ಬಾಯಲ್ಲಿ ಹೇಳಿದ್ದನ್ನು ಬಟ್ಟೆಯಲ್ಲಿ ಅಳಿಸಿದಂತೆ. ಬೆಲೆ 14,000 ರೂಪಾಯಿ ಎಂದರು, ಜೊತೆಗೆ ತೆರಿಗೆ. ಆಗ ಸಾವಿರ ರೂಪಾಯಿ ಮೀರಿದ ಸಿದ್ಧ ಉಡುಪಿಗೆ ಶೇಕಡ 12 ಜಿಎಸ್‌ಟಿ ಇತ್ತು, ಮೀಟರಿನ ಲೆಕ್ಕದ ಬಟ್ಟೆಗೆ ಶೇಕಡ 5. 2025ರ ಸೆಪ್ಟೆಂಬರ್ 22ರಿಂದ ದುಬಾರಿ ಉಡುಪಿನ ಮಟ್ಟಿಗೆ ಈ ಅಂತರ ಇನ್ನೂ ಹೆಚ್ಚಾಗಿದೆ: 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇಕಡ 5, ಅದನ್ನು ಮೀರಿದರೆ ಶೇಕಡ 18. ಬಟ್ಟೆ ಕೊಂಡು ಹೊಲಿಸುವುದಕ್ಕೆ ಇದೂ ಒಂದು ಕಾರಣ.

ಹೊಲಿಸುವುದೆಂದು ಗೊತ್ತಾದ ಮೇಲೆ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಒಬ್ಬ ಹಿರಿಯ ಮಾಸ್ತರರ ಬಳಿಗೆ ಹೋದೆವು. ಬಟ್ಟೆ ಕೊಳ್ಳುವ ಮೊದಲೇ ದರ್ಜಿಯನ್ನು ಕಾಣಬೇಕು ಎಂಬುದು ಅವರ ಮೊದಲ ಪಾಠ. ಅಳತೆಯನ್ನು ಒಳಕೋಣೆಯಲ್ಲಿ ಅವರ ಹೆಂಡತಿ ತೆಗೆದುಕೊಂಡರು. ಸೊಂಟ 26 ಇಂಚು, ಸೊಂಟದಿಂದ ನೆಲಕ್ಕೆ 36. ಹುಡುಗಿ ಫೋನು ತೆಗೆದು ಮೆಕ್ಸಿಕೋದ ಘೇರನ್ನು ತೋರಿಸಿದಳು. ಮಾಸ್ತರರು ಕನ್ನಡಕ ಏರಿಸಿ ನೋಡಿ, ಇದು ಬಟ್ಟೆಯ ಘೇರಲ್ಲ, ಒಳಗಿನ ಜಾಳಿಗೆಯ ಘೇರು ಎಂದರು. ಅಂದರೆ ಲಂಗವನ್ನು ಲಂಗವಾಗಿಯೇ ಹೊಲಿದು, ಒಳಗೆ ಗಟ್ಟಿ ನೆಟ್ಟಿನ ಪದರಗಳಿರುವ ಕ್ಯಾನ್‌ಕ್ಯಾನ್ ಲಂಗ ಹಾಕಿದರೆ ಅದು ತಾನಾಗಿ ಉಬ್ಬಿ ನಿಲ್ಲುತ್ತದೆ. ಆ ಒಳಲಂಗವನ್ನು ಮೇಲಿನ ಲಂಗಕ್ಕೆ ಹೊಲಿಯದೆ ಬೇರೆಯಾಗಿಯೇ ಇಟ್ಟರೆ, ಸಾಕೆನಿಸಿದಾಗ ಬಿಚ್ಚಿಡಬಹುದು. ಗೌನೋ ಲಂಗವೋ ಎಂಬ ನಮ್ಮ ಮನೆಯ ವಾದ ಅಲ್ಲಿಗೆ ಮುಗಿಯಿತು.

ಆಮೇಲೆ ಬಂದದ್ದು ನನಗೆ ಪ್ರಿಯವಾದ ಭಾಗ. ಘೇರನ್ನು ಎರಡು ರೀತಿ ಮಾಡಬಹುದು. ಒಂದು, ಪೂರ್ತಿ ವೃತ್ತ. ಸೊಂಟ 26 ಇಂಚಾದರೆ ಒಳವೃತ್ತದ ತ್ರಿಜ್ಯ ನಾಲ್ಕು ಇಂಚಿಗೆ ಸ್ವಲ್ಪ ಹೆಚ್ಚು. ಅದಕ್ಕೆ 36 ಸೇರಿಸಿದರೆ ಹೊರತ್ರಿಜ್ಯ ಸುಮಾರು 40 ಇಂಚು. ಅಂಚಿನ ಸುತ್ತಳತೆ 252 ಇಂಚು, ಹೆಚ್ಚುಕಡಿಮೆ ಆರೂವರೆ ಮೀಟರು. ಇನ್ನೊಂದು, ಕಳಿ ಲಂಗ: ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಪಟ್ಟಿಗಳನ್ನು ಕೂಡಿಸಿ ಹೊಲಿಯುವುದು. 16 ಕಳಿ, ಪ್ರತಿಯೊಂದರ ಕೆಳ ಅಗಲ 13 ಇಂಚು ಎಂದರೆ ಅಂಚು 208 ಇಂಚು, ಐದು ಕಾಲು ಮೀಟರಿನಷ್ಟು. 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಎರಡಕ್ಕೂ ನಾಲ್ಕು ಮೀಟರಿನ ಆಸುಪಾಸು ಬೇಕು; ವೃತ್ತವನ್ನು ಎರಡು ಅರ್ಧಗಳಾಗಿ ಕತ್ತರಿಸಬೇಕು, ಕಳಿಗಳನ್ನು ಒಂದರ ತಲೆಗೆ ಇನ್ನೊಂದರ ಬುಡ ಬರುವಂತೆ ಅದಲುಬದಲಾಗಿ ಇಟ್ಟು ಕತ್ತರಿಸಬೇಕು. ಬಟ್ಟೆ ಅಷ್ಟೇ ಆಗಿ ಘೇರು ಹೆಚ್ಚು ಸಿಗುವುದಾದರೆ ವೃತ್ತವೇ ಲಾಭವಲ್ಲವೇ ಎಂದು ನಾನು ಕಾಗದದ ಮೇಲೆ ಬರೆದು ತೋರಿಸಿದೆ.

ಮಾಸ್ತರರು ನಕ್ಕು, “ಸರ್, ಕಾಗದ ಜೋತು ಬೀಳೂದಿಲ್ಲ, ಬಟ್ಟಿ ಬೀಳ್ತದ” ಎಂದರು. ವೃತ್ತದಲ್ಲಿ ಬಟ್ಟೆಯ ಎಳೆ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಭಾಗ ತನ್ನ ಭಾರಕ್ಕೆ ತಾನೇ ಹಿಗ್ಗಿ, ಅಂಚು ಅಲ್ಲಲ್ಲಿ ಕೆಳಗಿಳಿಯುತ್ತದೆ. ಕೆಲವು ದಿನ ನೇತುಹಾಕಿ, ಇಳಿದಷ್ಟನ್ನು ಕತ್ತರಿಸಿ ಸರಿಮಾಡಬೇಕು. ನೇಯ್ದ ಬುಟ್ಟಾ (ಹೂವಿನಂಥ ಬಿಡಿ ಚಿತ್ತಾರ) ಇದ್ದರೆ ಮುಂದೆ ನಿಂತದ್ದು ಪಕ್ಕದಲ್ಲಿ ಅಡ್ಡ ಮಲಗುತ್ತದೆ. ಬಾಗಿದ ಅಂಚಿಗೆ ಜರಿಯ ನೇರ ಪಟ್ಟಿ ಸುಲಭವಾಗಿ ಕೂಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೆಳೆಯುವ ಹುಡುಗಿಗೆ ವೃತ್ತದ ಲಂಗವನ್ನು ಮುಂದೆ ಹಿಗ್ಗಿಸಲು ಬರುವುದಿಲ್ಲ. ಕಳಿಯಾದರೆ ಒಂದೊಂದು ಹೊಲಿಗೆಯಲ್ಲಿ ಒಂದಿಷ್ಟು ಬಿಟ್ಟರೂ 16 ಹೊಲಿಗೆಗೆ ಸೊಂಟ ಬೇಕಾದಷ್ಟು ಸಡಿಲವಾಗುತ್ತದೆ. ಕೆಳಗೆ ಎರಡು ಇಂಚು ಮಡಿಕೆ ಬಿಟ್ಟರೆ ಮುಂದಿನ ವರ್ಷ ಬಿಚ್ಚಬಹುದು. ಕಳಿಗಳನ್ನು ಅದಲುಬದಲಾಗಿ ಕತ್ತರಿಸುವುದರಿಂದ ಬಟ್ಟೆಯಲ್ಲಿ ತಲೆ ಬುಡ ಇರುವ ವಿನ್ಯಾಸ, ಅಂದರೆ ನವಿಲು, ಕಳಸದಂಥವು, ಇರಬಾರದು. ಸಾದಾ ಬಟ್ಟೆ ಅಥವಾ ಎತ್ತ ತಿರುಗಿಸಿದರೂ ಒಂದೇ ಆಗಿರುವ ಸಣ್ಣ ಬುಟ್ಟಾದ ಬಟ್ಟೆ ತರಬೇಕು, ಜರಿಯಂಚು ಬೇರೆ ತರಬೇಕು ಎಂದು ಪಟ್ಟಿ ಬರೆಸಿದರು: ಲಂಗಕ್ಕೆ 4 ಮೀಟರು, ಕುಪ್ಪಸಕ್ಕೆ 1, ದಾವಣಿಗೆ ಎರಡೂವರೆ, ಅಂಚು ಐದೂವರೆ, ಒಳಗೆ ಅಸ್ತರಿಗೆ ಮೆತ್ತನೆಯ ಹತ್ತಿ. ನಮ್ಮ ಮೇ ತಿಂಗಳ ಉಷ್ಣತೆ 40 ಡಿಗ್ರಿ ದಾಟುವುದು ಹೊಸದಲ್ಲ. ಪಾಲಿಯೆಸ್ಟರ್ ಅಸ್ತರು ಹಾಕಿಸಿಕೊಂಡ ಹುಡುಗಿಯರು ಆರತಿ ಮುಗಿಯುವ ಮೊದಲೇ ಬೆವೆತು ಸುಸ್ತಾಗುತ್ತಾರೆ ಎಂದು ಅವರ ಹೆಂಡತಿ ಎರಡೆರಡು ಸಲ ಹೇಳಿದರು.

ಬಟ್ಟೆಗಾಗಿ ಅಕ್ಕ, ಹುಡುಗಿ, ನಾನು ರೈಲಿನಲ್ಲಿ ಸಿಕಂದರಾಬಾದಿಗೆ ಹೋದೆವು. ವಾಡಿ, ಸೇಡಂ, ತಾಂಡೂರು ದಾಟಿದರೆ ಅರ್ಧ ದಿನದೊಳಗಿನ ದಾರಿ. ಅಲ್ಲಿಯ ಜನರಲ್ ಬಜಾರಿನಲ್ಲಿ ಲಂಗದ ಬಟ್ಟೆ, ಅಂಚು, ನೆಟ್ಟು ಎಲ್ಲವೂ ಅಕ್ಕಪಕ್ಕದ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತವೆ. ಅವ್ವ ಹಸಿರೇ ಬೇಕೆಂದು ಹೇಳಿ ಕಳಿಸಿದ್ದರು. ಹುಡುಗಿ ನೇರಳೆ ಬಣ್ಣದ ರೇಷ್ಮೆ ಮಿಶ್ರಿತ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಅದೇ ಎಂದಳು, ಮೀಟರಿಗೆ 650. ಹಸಿರು ದಾವಣಿಗೆ ಹೋಯಿತು, ಇಬ್ಬರೂ ಗೆದ್ದರು. ಅಕ್ಕ ಚೌಕಾಸಿ ಮಾಡುವ ಪರಿಯನ್ನು ವಿವರಿಸಲು ಬೇರೆಯೇ ಬರಹ ಬೇಕು.

ಜರ್ದೋಜಿ, ಅಂದರೆ ಲೋಹದ ತಂತಿಯ ಕಸೂತಿ ಕೆಲಸವನ್ನು ಕುಪ್ಪಸದ ಕೊರಳಿಗೆ, ತೋಳಿನ ಅಂಚಿಗೆ, ದಾವಣಿಯ ಸೆರಗಿಗೆ ಮಾತ್ರ ಸೀಮಿತಗೊಳಿಸಿದೆವು. ಲಂಗದ ಮೇಲೆ ಲೋಹದ ತಂತಿಯ ಕೆಲಸ ಮಾಡಿಸಿದರೆ ಭಾರವೂ ಹೌದು, ಕೂತಾಗ ಅದು ಕೀಳುವುದೂ ಹೌದು. ರೋಜಾ ಬಡಾವಣೆಯ ಒಂದು ಮನೆಯಲ್ಲಿ ಇಬ್ಬರು ಕಾರ್ಚೋಬಿ (ಜರ್ದೋಜಿ) ಕಸುಬುದಾರರು ಈ ಕೆಲಸ ಮಾಡಿಕೊಟ್ಟರು. ಅದನ್ನು ನೋಡುವುದಕ್ಕೆಂದೇ ನಾನು ಬೇಕಿಲ್ಲದಿದ್ದರೂ ಹೋಗಿ ಕೂರುತ್ತಿದ್ದೆ. ಕಟ್ಟಿಗೆಯ ಚೌಕಟ್ಟಿಗೆ ಅಡ್ಡಾ ಎನ್ನುತ್ತಾರೆ. ಅದಕ್ಕೆ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿದು ಕಟ್ಟುತ್ತಾರೆ. ವಿನ್ಯಾಸ ಬರೆದ ತೆಳು ಕಾಗದದ ಗೆರೆಗಳ ಉದ್ದಕ್ಕೂ ಸೂಜಿಯಿಂದ ತೂತು ಮಾಡಿದ್ದಕ್ಕೆ ಖಾಕಾ ಎಂದು ಹೆಸರು. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅರಿವೆಯುಂಡೆಯಿಂದ ಒರೆಸಿದರೆ ಚುಕ್ಕಿ ಚುಕ್ಕಿಯಾಗಿ ವಿನ್ಯಾಸ ಇಳಿಯುತ್ತದೆ. ಕೊಕ್ಕೆ ಮೂತಿಯ ಆರಿ ಸೂಜಿ ಮೇಲಿನಿಂದ ಇಳಿದು, ಕೆಳಗಿನ ಕೈ ಹಿಡಿದ ದಾರವನ್ನು ಎಳೆದು ತರುತ್ತದೆ. ದಬ್ಕಾ, ನಕ್ಷಿ ಎಂಬ ಸುರುಳಿ ತಂತಿಗಳನ್ನು ಮಾತ್ರ ತುಂಡು ಮಾಡಿ ಸಾದಾ ಸೂಜಿಯಿಂದ ಮಣಿಯ ಹಾಗೆ ಪೋಣಿಸುತ್ತಾರೆ.

ಇಲ್ಲೊಂದು ತೊಡಕಿದೆ, ಹೊಸಬರು ಗಮನಿಸಬೇಕು. ಈ ಕೆಲಸ ಹೊಲಿದ ಕುಪ್ಪಸದ ಮೇಲಲ್ಲ, ಕತ್ತರಿಸದ ಬಟ್ಟೆಯ ಮೇಲೆ ಆಗುತ್ತದೆ. ಕೊರಳು, ತೋಳುಗಳ ಅಳತೆ ಅದಕ್ಕೆ ಮೊದಲೇ ನಿಶ್ಚಯವಾಗಿರಬೇಕು. ಹನ್ನೆರಡು ತುಂಬಿದ ಹುಡುಗಿಯ ಅಳತೆ ಫೆಬ್ರುವರಿಯಲ್ಲಿದ್ದಂತೆ ಏಪ್ರಿಲಿನಲ್ಲಿ ಇರುವುದಿಲ್ಲ. ಮಾಸ್ತರರು ಸಾದಾ ಹತ್ತಿಬಟ್ಟೆಯಲ್ಲಿ ಮೊದಲು ಒಂದು ಕಚ್ಚಾ ಕುಪ್ಪಸ ಹೊಲಿದು ತೊಡಿಸಿ ನೋಡಿದರು. ಕೊರಳನ್ನು ಮುಂದೆ ಹಿಂದೆ ಎರಡೂ ಕಡೆ ಮೇಲಕ್ಕೆ, ತೋಳನ್ನು ಮೊಳಕೈವರೆಗೆ ಇಟ್ಟು, ಪ್ಯಾಡಿನ ಬದಲು ಹತ್ತಿಯ ಎರಡು ಪದರ ಹಾಕಿ, ಬಗಲಿನ ಹೊಲಿಗೆಯಲ್ಲಿ ಎರಡೂ ಬದಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟರು. ಬೆನ್ನಿಗೆ ಹುಕ್ಕಿನ ಬದಲು ಎಳೆದು ಕಟ್ಟುವ ದೋರಿ. ಹುಡುಗಿ ಕೇಳಿದ ಒಂದೇ ಹೆಚ್ಚಿನ ಸಂಗತಿ ಲಂಗಕ್ಕೆ ಜೇಬು. ಕಳಿಯ ಹೊಲಿಗೆಯಲ್ಲಿ ಜೇಬು ಕೂಡಿಸುವುದು ಕಷ್ಟವೇನಲ್ಲ, ಆದರೆ ಇಷ್ಟು ವರ್ಷ ಯಾವ ಹುಡುಗಿಯೂ ಕೇಳಿರಲಿಲ್ಲ ಎಂದರು. ಬಹುಶಃ ಯಾರೂ ಹುಡುಗಿಯನ್ನು ಕೇಳಿರಲಿಲ್ಲ. ಬಟ್ಟೆ, ಅಂಚು, ಅಸ್ತರು, ಒಳಲಂಗ, ಜರ್ದೋಜಿ, ಹೊಲಿಗೆ ಎಲ್ಲ ಸೇರಿ ಖರ್ಚು ಹನ್ನೆರಡು ಸಾವಿರದ ಸುಮಾರಿಗೆ ನಿಂತಿತು. ಕಡಿಮೆಯೇನಲ್ಲ, ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಡ್ಡಾದ ಮುಂದೆ ಕೂತವರ ಕೈಸೇರಿದ್ದು ನನಗೆ ಸರಿಯೆನಿಸಿತು.

ಸಮಾರಂಭವನ್ನು ಬಿಸಿಲಿಳಿದ ಮೇಲೆ ಮಾಳಿಗೆಯಲ್ಲಿ ಮಾಡಿದೆವು. ಬಾಗಿಲಲ್ಲಿ ಫ್ಲೆಕ್ಸು ಇತ್ತು, ಭಾವನ ಅಣ್ಣಂದಿರ ಮಾತಿಗೂ ಬೆಲೆ ಬೇಕಲ್ಲ. ಅದರ ಮೇಲೆ ಹುಡುಗಿಯ ಹೆಸರು, 13ನೆಯ ಹುಟ್ಟುಹಬ್ಬ, ಲಂಗ-ದಾವಣಿ ಸಮಾರಂಭ ಎಂದಷ್ಟೇ ಇತ್ತು. ಅವ್ವ ತಟ್ಟೆ ಕೊಟ್ಟರು, ಹುಡುಗಿ ಒಳಗೆ ಹೋಗಿ ತೊಟ್ಟು ಬಂದಳು. ಕ್ಯಾನ್‌ಕ್ಯಾನಿನ ದೆಸೆಯಿಂದ ಲಂಗ ಎಷ್ಟು ಅಗಲವಾಗಿ ನಿಂತಿತೆಂದರೆ ಮಾಳಿಗೆಯ ಕಿರಿದಾದ ಬಾಗಿಲಲ್ಲಿ ಆಕೆ ಓರೆಯಾಗಿ ಬರಬೇಕಾಯಿತು. ಐವರು ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಖಣ ಇಟ್ಟು ಉಡಿ ತುಂಬಿದರು. ಓಣಿಯ ಹಿರಿಯ ಹೆಣ್ಣುಮಕ್ಕಳು ಆರತಿ ಹಾಡು ಹೇಳಿದರು. ಹೋಳಿಗೆ, ಮಾವಿನ ಸೀಕರಣಿ, ಎಣ್ಣೆಗಾಯಿ, ಕಟ್ಟಿನ ಸಾರು ಊಟಕ್ಕೆ. ನಾನು ಹೆದರಿದ್ದ ಹಾಸ್ಯ ಬರದೇ ಇರಲಿಲ್ಲ. ದೂರದ ಸಂಬಂಧಿಯೊಬ್ಬರು ಪಂಕ್ತಿಯಲ್ಲಿ ಶುರುಮಾಡಿದರು. ಅಕ್ಕ ಬಡಿಸುತ್ತಿದ್ದವಳು ನಿಂತು, “ಅಕಿ ಏಳನೇತ್ತ ಪಾಸಾಗ್ಯಾಳ್ರಿ, ಬೇಕಾದ್ರ ಅದರ ಬಗ್ಗೆ ಕೇಳ್ರಿ” ಎಂದು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಮೆಕ್ಸಿಕೋದಿಂದ ಹುಡುಗಿ ಉಳಿಸಿಕೊಂಡದ್ದು ಒಂದೇ ವಿಧಿ. ಅಪ್ಪ ತನ್ನ ಚಪ್ಪಲಿ ಬದಲಿಸಬೇಕೆಂದು ಮೊದಲೇ ಹೇಳಿದ್ದಳು. ಭಾವ ಸ್ವಭಾವತಃ ಸಂಕೋಚದವರು. ಜನರ ಮುಂದೆ ಮಗಳನ್ನು ಮುದ್ದಿಸಿದವರೂ ಅಲ್ಲ. ಮಂಡಿಯೂರಿ ಕೂತು, ಬಕಲ್ ಸಿಗದೆ ತಡಕಾಡಿ, ಕೊನೆಗೂ ಹಾಕಿದರು. ಹಾಕಿ ಮುಗಿದ ಮೇಲೂ ಸ್ವಲ್ಪ ಹೊತ್ತು ಏಳಲಿಲ್ಲ. ಹೂವಿನ ಚಾದರ, ಹೊಗೆ, ಡ್ರೋನು ಯಾವುದೂ ಇಲ್ಲದ ಆ ಸಂಜೆಯ ಎಲ್ಲ ಫೋಟೋಗಳಲ್ಲಿ ಜನ ಕೇಳಿ ಪಡೆದದ್ದು ಅದೊಂದನ್ನೇ. ಎತ್ತರದ ಹಿಮ್ಮಡಿಯಲ್ಲಿ ಆಕೆ ನಡೆದದ್ದು ನಾಲ್ಕು ಹೆಜ್ಜೆ. ಆಮೇಲೆ ಅದನ್ನು ಕಳಚಿ, ಕ್ಯಾನ್‌ಕ್ಯಾನನ್ನೂ ಒಳಗೆ ಬಿಚ್ಚಿಟ್ಟು ಬಂದು, ಗೆಳತಿಯರ ಜೊತೆ ಊಟಕ್ಕೆ ಕೂತಳು.

ಬಂದ ಆಯೇರಿಯ ರೊಕ್ಕವನ್ನು ಭಾವ ಆಕೆಯ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟಿದರು. ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕಾದ ಆ ಖಾತೆ ಆಕೆಯ ಹೆಸರಿನಲ್ಲಿ ಮೊದಲೇ ಇತ್ತು. ಲಂಗ ಶ್ರಾವಣದಲ್ಲಿ ಒಮ್ಮೆ, ಬೀದರಿನಲ್ಲಿ ನಡೆದ ಸಂಬಂಧಿಕರ ಮದುವೆಗೆ ಇನ್ನೊಮ್ಮೆ ಹೊರಬಿತ್ತು. ಮದುವೆಯ ಹೊತ್ತಿಗೆ ಕುಪ್ಪಸ ಬಿಗಿಯಾಗಿತ್ತು, ಲಂಗ ಮೇಲಕ್ಕೆ ಸರಿದಿತ್ತು. ಮಾಸ್ತರರು ಬಗಲಿನ ಹೊಲಿಗೆಯಲ್ಲಿ ಮುಕ್ಕಾಲು ಇಂಚು, ಲಂಗದ ಅಂಚಿನಲ್ಲಿ ಒಂದು ಇಂಚು ಬಿಚ್ಚಿ ಕೊಟ್ಟು ನೂರೈವತ್ತು ರೂಪಾಯಿ ತೆಗೆದುಕೊಂಡರು. ಇನ್ನೂ ಒಂದು ವರ್ಷಕ್ಕಾಗುವಷ್ಟು ಬಟ್ಟೆ ಒಳಗಿದೆ ಎಂದರು. ಈಗ ಭಾವನ ಅಣ್ಣನ ಮಗಳ ಸರದಿ ಬಂದಿದೆ. ಅವರು ಫಂಕ್ಷನ್ ಹಾಲ್ ಗೊತ್ತುಮಾಡಿಯಾಗಿದೆ. ಆದರೂ ಆ ಹುಡುಗಿ ಮಾಸ್ತರರ ನಂಬರು ಕೇಳಿ ನನಗೆ ಫೋನ್ ಮಾಡಿದ್ದಳು, ಜೇಬು ಎಡಕ್ಕೋ ಬಲಕ್ಕೋ ಎಂದು ವಿಚಾರಿಸುವುದಕ್ಕೆ.